ಇನ್ನೊಂದು ಕಣ್ಣು

ಈಸ್ಟರ್ ಕಳೆದ ಮರುವಾರದ ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಇಬ್ಬರು ನಮ್ಮ ಕಣ್ಣಿನ ತುರ್ತು ವಿಭಾಗದ ಬಾಗಿಲಲ್ಲಿ ಬಂದು ನಿಂತರು. ಮೂವತ್ತರ ಆಸುಪಾಸಿನ ಒಬ್ಬ ಗಂಡಸು, ಅವರ ಮೊಣಕೈ ಹಿಡಿದುಕೊಂಡ ಒಬ್ಬ ಯುವತಿ. ಆ ಗಂಡಸು ಮಡಿಸಿದ ಟವೆಲ್ಲನ್ನು ಎಡಗಣ್ಣಿನ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿಕೊಂಡಿದ್ದರು.

"ಹಾಥ್ ಹಟಾಯಿಯೇ. ದಬಾಯಿಯೇ ಮತ್," ಎಂದೆ, ಕೈ ತೆಗೆಯಿರಿ, ಒತ್ತಬೇಡಿ ಎಂದು.

ಕಣ್ಣಿಗೆ ಪೆಟ್ಟು ಬಿದ್ದವರೆಲ್ಲ ಮೊದಲು ಮಾಡುವ ಕೆಲಸ ಅದೇ. ರಕ್ತ ನಿಲ್ಲಲಿ ಎಂದು ಒತ್ತುತ್ತಾರೆ. ಗುಡ್ಡೆ ಹರಿದಿದ್ದರೆ ಆ ಒತ್ತಡಕ್ಕೆ ಒಳಗಿನದೆಲ್ಲ ಹೊರಗೆ ಬರುತ್ತದೆ. ಅವರು ಕೈ ಸಡಿಲಿಸಿದರು. ಟವೆಲ್ ತೆಗೆಯುವ ಮೊದಲು ಪಕ್ಕದವಳ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನೀನು ನೋಡಬೇಡ. ಆ ಕಡೆ ತಿರುಗು."

ದೆಹಲಿಯ ಆ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಸೀನಿಯರ್ ರೆಸಿಡೆಂಟ್ ಆಗಿದ್ದೆ. ಕೆಲಸದ ಮಧ್ಯೆ ಕನ್ನಡ ಕೇಳಿಸಿದ್ದು ಅಪರೂಪ. "ಟವೆಲ್ ನನ್ನ ಕೈಗೆ ಕೊಡಿ. ಕಣ್ಣು ಮುಟ್ಟಬೇಡಿ, ಬಿಗಿಯಾಗಿ ಮುಚ್ಚಲೂಬೇಡಿ," ಎಂದೆ. ಇಬ್ಬರೂ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆ ಯುವತಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಅವರು ಅಣ್ಣ ತಂಗಿ, ಮೈಸೂರಿನವರು. ಅಣ್ಣ ಓಖ್ಲಾದ ಒಂದು ಕಟ್ಟಡ ಕಂಪನಿಯ ಕಚೇರಿಯಲ್ಲಿ ಮೇಲ್ಸೇತುವೆಗಳ ನಕ್ಷೆ ಮಾಡುವ ಎಂಜಿನಿಯರ್. ದ್ವಾರಕಾದ ಒಂದು ಸೊಸೈಟಿಯಲ್ಲಿ ಬಾಡಿಗೆ ಮನೆ. ತಂಗಿ ಲಕ್ಷ್ಮೀ ನಗರದಲ್ಲಿ ಕೋಚಿಂಗ್‌ಗೆ ಹೋಗುತ್ತ, ಮೂವರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. ಮೇ ತಿಂಗಳಲ್ಲಿ ಸಿ.ಎ. ಫೈನಲ್. ಆ ಕೋಣೆಯಲ್ಲಿ ಓದಲಾಗುತ್ತಿಲ್ಲ ಎಂದು ಪರೀಕ್ಷೆ ಮುಗಿಯುವವರೆಗೆ ತನ್ನ ಮನೆಗೆ ಕರೆದೊಯ್ಯಲು ಅಣ್ಣ ಆ ಬೆಳಿಗ್ಗೆ ಬೈಕಿನಲ್ಲಿ ಬಂದಿದ್ದರು. ಪುಸ್ತಕಗಳ ಗಂಟನ್ನು ಹಿಂದಿನ ಸೀಟಿಗೆ ಕಟ್ಟಬೇಕಿತ್ತು. ಎರಡೂ ತುದಿಗೆ ಕಬ್ಬಿಣದ ಕೊಕ್ಕೆ ಇರುವ ರಬ್ಬರ್ ಹಗ್ಗ ಇರುತ್ತದಲ್ಲ, ಎಲ್ಲ ಬೈಕಿನವರ ಹತ್ತಿರವೂ ಇರುವಂಥದ್ದು, ಅದರ ಒಂದು ಕೊಕ್ಕೆಯನ್ನು ತಂಗಿ ಹಿಡಿದುಕೊಂಡಿದ್ದಳು. ಅಣ್ಣ ಇನ್ನೊಂದು ತುದಿಯನ್ನು ಎಳೆದು ಸಿಕ್ಕಿಸಲು ಬಗ್ಗಿದ್ದರು.

"ಕೈ ಬೆವೆತಿತ್ತು ಮೇಡಂ," ಎಂದಳು ತಂಗಿ. "ಜಾರಿಬಿಡ್ತು."

"ಅದು ಜಾರಿದ್ದಲ್ಲ, ನಾನೇ ಜಾಸ್ತಿ ಎಳೆದೆ," ಎಂದರು ಅಣ್ಣ.

ಕಣ್ಣಿಗೆ ಏಟು ಬಿದ್ದಾಗ ಮೊದಲು ಮಾಡಬೇಕಾದ್ದು ನೋಟದ ಪರೀಕ್ಷೆ. ಆಮೇಲೆ ಊತ ಏರಿ ರೆಪ್ಪೆ ತೆರೆಯಲಾಗದೆ ಹೋಗಬಹುದು, ಮೊದಲ ದಿನದ ನೋಟ ಎಷ್ಟಿತ್ತು ಎಂಬುದು ಮುಂದಿನ ಎಲ್ಲ ನಿರ್ಧಾರಗಳಿಗೂ ಬೇಕು. ಬಲಗಣ್ಣಿನಲ್ಲಿ ಅವರು ಅಕ್ಷರಗಳ ಫಲಕದ ಕೊನೆಯ ಸಾಲನ್ನೂ ತಡವರಿಸದೆ ಓದಿದರು. ಎಡಗಣ್ಣಿಗೆ ನನ್ನ ಬೆರಳು ಕಾಣಲಿಲ್ಲ. ಕೈ ಆಡಿಸಿದ್ದೂ ಕಾಣಲಿಲ್ಲ. ಬಲಗಣ್ಣನ್ನು ಪೂರ್ತಿ ಮುಚ್ಚಿ ಟಾರ್ಚ್ ಹಾಕಿದೆ.

"ಬೆಳಕು ಕಾಣ್ತಿದೆಯಾ?"

"ಕಾಣ್ತಿದೆ."

"ಯಾವ ಕಡೆಯಿಂದ ಬರ್ತಿದೆ?"

"ಮೇಲಿಂದ." ಟಾರ್ಚ್ ಕೆಳಗಿತ್ತು.

ನೋವಿನಲ್ಲಿರುವವರು ಹೀಗೆ ಊಹಿಸಿ ಹೇಳುವುದುಂಟು. ಬೆಳಕಿನ ಅರಿವು ಅನುಮಾನ ಎಂದು ಬರೆದುಕೊಂಡೆ. ಹೆಬ್ಬೆರಳನ್ನು ಹುಬ್ಬಿನ ಮೂಳೆಯ ಮೇಲೆ ಊರಿ, ಗುಡ್ಡೆಗೆ ಕಿಂಚಿತ್ತೂ ಭಾರ ಬೀಳದ ಹಾಗೆ ಮೇಲಿನ ರೆಪ್ಪೆಯನ್ನು ಎತ್ತಿ ನೋಡಿದೆ. ಕಾರ್ನಿಯಾದ ನಡುವಿನಿಂದ ಕಿವಿಯ ಕಡೆಗೆ ಒಂದು ಸೀಳು ಹೋಗಿ ಬಿಳಿಗುಡ್ಡೆಯೊಳಗೆ ಇಳಿದಿತ್ತು. ಆ ಸೀಳಿನಿಂದ ಕಂದು ಬಣ್ಣದ ಪದರ ಹೊರಗೆ ಚಾಚಿತ್ತು. ಸುತ್ತ ರಕ್ತ. ಅಷ್ಟು ಸಾಕಿತ್ತು. ಇಂಥ ಕಣ್ಣನ್ನು ಮತ್ತೆ ಮತ್ತೆ ತೆರೆದು ನೋಡಬಾರದು. ಹನಿ ಹಾಕಬಾರದು, ಹೊರಗೆ ಬಂದದ್ದನ್ನು ಒರೆಸಬಾರದು, ಹತ್ತಿಯಿಟ್ಟು ಬಿಗಿಯಾಗಿ ಕಟ್ಟಲೂಬಾರದು. ಗಟ್ಟಿ ಮುಚ್ಚಳ ಬೇಕು. ವಿಭಾಗದಲ್ಲಿ ಮುಗಿದುಹೋಗಿತ್ತು. ಒಂದು ಪ್ಲಾಸ್ಟಿಕ್ ಲೋಟದ ತಳ ಕತ್ತರಿಸಿ, ಅದರ ಅಂಚು ಮೂಳೆಯ ಮೇಲೆ ಕೂರುವ ಹಾಗೆ ಇಟ್ಟು ಪ್ಲಾಸ್ಟರ್ ಅಂಟಿಸಿದೆ.

"ನಾನು ನೀರು ಹಾಕಿ ತೊಳೆದೆ ಮೇಡಂ. ಅದರಿಂದ ಏನಾದ್ರೂ ಆಯ್ತಾ?" ಎಂದು ಕೇಳಿದಳು ತಂಗಿ.

ಸುಣ್ಣವೋ ಆಸಿಡ್ಡೋ ಬಿದ್ದರೆ ಕೂಡಲೇ ನೀರು ಸುರಿಯಬೇಕು, ಎಷ್ಟು ಸುರಿದರೂ ಕಡಿಮೆಯೇ. ಹರಿದ ಗಾಯಕ್ಕೆ ನೀರು ತಾಗಿಸಬಾರದು. ಆದರೆ ಆಕೆ ಬಾಟಲಿಯಿಂದ ಹನಿಸಿದ ಒಂದಿಷ್ಟು ನೀರು ಆ ಕೊಕ್ಕೆ ಮಾಡಿದ್ದಕ್ಕಿಂತ ಹೆಚ್ಚೇನೂ ಮಾಡಿರಲಿಲ್ಲ. "ಇಲ್ಲ, ನೀರಿಂದ ಏನೂ ಆಗಿಲ್ಲ," ಎಂದೆ. ನಿಜವನ್ನೇ ಹೇಳಿದ್ದೆ.

ಧನುರ್ವಾಯುವಿನ ಇಂಜೆಕ್ಷನ್, ರಕ್ತನಾಳಕ್ಕೆ ಆ್ಯಂಟಿಬಯಾಟಿಕ್, ವಾಂತಿಯಾಗದ ಹಾಗೆ ಇನ್ನೊಂದು ಇಂಜೆಕ್ಷನ್ ಕೊಟ್ಟೆವು. ಒಮ್ಮೆ ವಾಂತಿಯಾದರೂ ಹರಿದ ಗುಡ್ಡೆಯೊಳಗಿಂದ ಉಳಿದದ್ದೂ ಹೊರಬಂದುಬಿಡುತ್ತದೆ. ಕಬ್ಬಿಣದ ಚೂರು ಒಳಗೆ ಉಳಿದಿದೆಯೇ ಎಂದು ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಲಕ್ಷ್ಮೀ ನಗರದಲ್ಲಿ ಛೋಲೆ ಭಟೂರೆ ತಿಂದಿದ್ದರಿಂದ ಅರಿವಳಿಕೆಯ ವೈದ್ಯರು ಹೊಟ್ಟೆ ಖಾಲಿಯಾಗುವವರೆಗೆ ಕಾಯಿಸಿದರು. ಸಂಜೆ ನಮ್ಮ ಪ್ರೊಫೆಸರ್ ಮನೆಯಿಂದಲೇ ಬಂದರು. ಅವರು ಪಂಜಾಬಿ, ಕಡಿಮೆ ಮಾತಿನವರು.

ಸೂಕ್ಷ್ಮದರ್ಶಕದ ಕೆಳಗೆ ಮೊದಲು ಕಾರ್ನಿಯಾ ಮತ್ತು ಬಿಳಿಗುಡ್ಡೆ ಸೇರುವ ಗೆರೆಗೆ ಹೊಲಿಗೆ ಹಾಕಿದೆವು. ಅದು ಸರಿಯಾಗಿ ಕೂತರೆ ಉಳಿದ ಅಂಚುಗಳು ತಮ್ಮ ಜಾಗಕ್ಕೆ ಬರುತ್ತವೆ. ಆಮೇಲೆ ಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ ಕಾರ್ನಿಯಾ. ಅದಾದ ಮೇಲೆ ಬಿಳಿಗುಡ್ಡೆಯ ಸೀಳನ್ನು ಹಿಂಬಾಲಿಸುತ್ತ ಹೋದೆವು. ಒಂದು ಹೊಲಿಗೆ ಹಾಕಿ, ಮುಂದಿನ ಇಷ್ಟನ್ನು ಬಿಡಿಸಿ ನೋಡಿ, ಮತ್ತೊಂದು ಹೊಲಿಗೆ. ಸೀಳು ಮುಗಿಯಲೇ ಇಲ್ಲ. ಕಣ್ಣನ್ನು ಹೊರಳಿಸುವ ಸ್ನಾಯುವಿನ ಅಡಿಯಿಂದ ಹಾದು ಹಿಂದಕ್ಕೆ ಹೋಗಿತ್ತು. ಅಲ್ಲಿ ಒದ್ದೆ ಈರುಳ್ಳಿ ಪೊರೆಯಂಥ ತೆಳು ಪದರವೊಂದು ಗಾಯದ ಬಾಯಿಗೆ ಬಂದು ಸಿಕ್ಕಿಕೊಂಡಿತ್ತು. ರೆಟಿನಾ. ಅದನ್ನು ಕಂಡಾಗ ಪ್ರೊಫೆಸರ್ ಕೈ ನಿಲ್ಲಿಸಿದರು. ಆಮೇಲೆ ಅದನ್ನು ನಿಧಾನವಾಗಿ ಒಳಕ್ಕೆ ಸೇರಿಸಿ ಕೊನೆಯ ಹೊಲಿಗೆಗಳನ್ನು ಹಾಕಿದರು.

ಕೈ ತೊಳೆಯುವಾಗ ಹಿಂದಿಯಲ್ಲಿ ಹೇಳಿದರು: "ಗುಡ್ಡೆ ಉಳಿದಿದೆ ಅಂತ ಮಾತ್ರ ಮನೆಯವರಿಗೆ ಹೇಳು. ನೋಟದ ವಿಷಯ ಈಗ ಬೇಡ."

ಹೊರಗೆ ಬೆಂಚಿನ ಮೇಲೆ ತಂಗಿ ಒಬ್ಬಳೇ ಕೂತಿದ್ದಳು. ಅಷ್ಟನ್ನೇ ಹೇಳಿದೆ.

"ಬೆಳಕು ಕಾಣ್ತಿದೆ ಅಂದ್ನಲ್ಲ ಮೇಡಂ, ಬೆಳಕು ಕಂಡ್ರೆ ಒಳ್ಳೇದೇ ಅಲ್ವಾ?"

"ಕಂಡ್ರೆ ಒಳ್ಳೇದು," ಎಂದೆ.

ಮುಂದಿನ ದಿನಗಳಲ್ಲಿ ರೌಂಡ್ಸ್‌ಗೆ ಹೋದಾಗಲೆಲ್ಲ ಟಾರ್ಚ್ ಹಾಕಿ ಕೇಳುತ್ತಿದ್ದೆ. ತಂಗಿ ಮಂಚದ ಕಾಲ ಹತ್ತಿರ ನಿಂತಿರುತ್ತಿದ್ದಳು. ಅವರು ಪ್ರತಿ ಸಲವೂ "ಈಗ ಕಾಣ್ತಿದೆ" ಎನ್ನುತ್ತಿದ್ದರು, ಅದೂ ಸರಿಯಾದ ಕ್ಷಣಕ್ಕೆ. ಆದರೆ ಕಣ್ಣಿನ ಸ್ಥಿತಿಗೂ ಆ ಉತ್ತರಕ್ಕೂ ತಾಳೆಯಾಗುತ್ತಿರಲಿಲ್ಲ. ಗಾಯ ಕೂಡಿಕೊಂಡ ಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿದೆವು. ಕಪ್ಪಾಗಿ ಖಾಲಿ ಕಾಣಬೇಕಾದ ಜಾಗದಲ್ಲೆಲ್ಲ ರಕ್ತದ ಬೂದು ನೆರಳು. ರೆಟಿನಾ ಪೂರ್ತಿ ಕಳಚಿ, ಮಡಚಿಕೊಂಡು, ಮುಚ್ಚಿದ ಕೊಡೆಯ ಹಾಗೆ ನಡುವೆ ನಿಂತಿತ್ತು. ರೆಟಿನಾ ಶಸ್ತ್ರಚಿಕಿತ್ಸಕರು ಚಿತ್ರ ನೋಡಿ, ಇದರಲ್ಲಿ ಜೋಡಿಸಲು ಏನೂ ಉಳಿದಿಲ್ಲ ಎಂದರು.

ಮಾರನೆಯ ದಿನ ಟಾರ್ಚಿನ ಗಾಜಿಗೆ ಅಂಗೈ ಮುಚ್ಚಿ ಬರೀ ಗುಂಡಿ ಒತ್ತಿದೆ. ಟಕ್ ಎಂದಿತು.

"ಕಾಣ್ತಿದೆ," ಎಂದರು.

ತಂಗಿಗೆ ಒಂದು ಔಷಧದ ಚೀಟಿ ಬರೆದುಕೊಟ್ಟು ಕೆಳಗಿನ ಅಂಗಡಿಗೆ ಕಳಿಸಿದೆ. ಆಕೆ ಹೋದದ್ದು ಖಾತ್ರಿಯಾದ ಮೇಲೆ ಮಂಚದ ಪಕ್ಕ ಕೂತೆ. ನಾನು ಕೇಳುವ ಮೊದಲೇ ಅವರು ಹೇಳಿದರು: "ಕಾಣಲ್ಲ ಡಾಕ್ಟ್ರೇ. ಮೊದಲ ದಿನದಿಂದಲೂ ಏನೂ ಕಾಣಲ್ಲ."

"ಮತ್ತೆ ಯಾಕೆ ಕಾಣುತ್ತೆ ಅಂದ್ರಿ?"

"ಆ ಕೊಕ್ಕೆ ಹಿಡ್ಕೊಂಡಿದ್ದವಳು ಅವಳು."

ಆಮೇಲೆ ಅವರು ಮನೆಯ ವಿಷಯ ಹೇಳಿದರು. ತಂದೆ ಇಲ್ಲ. ತಾಯಿ ಮೈಸೂರಿನಲ್ಲಿ ಶಾಲೆಯ ಟೀಚರ್. ತಂಗಿಗೆ ಹಿಂದಿನ ಸಲ ಸಿ.ಎ.ಯ ಒಂದು ಗ್ರೂಪಿನ ಪರೀಕ್ಷೆ ಸ್ವಲ್ಪದರಲ್ಲೇ ಕೈತಪ್ಪಿ, ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡದೆ ಇದ್ದಳಂತೆ. "ಈಗ ಇದೊಂದು ಗೊತ್ತಾದ್ರೆ ಅವಳು ಪುಸ್ತಕ ಮುಟ್ಟಲ್ಲ. ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

ಇಷ್ಟೇ ಆಗಿದ್ದರೆ ನನಗೆ ಕಷ್ಟವಿರಲಿಲ್ಲ. ರೋಗಿಯ ವಿಷಯ ರೋಗಿಯದು. ಆದರೆ ನೋಟವಿಲ್ಲದ ಆ ಕಣ್ಣನ್ನು ಹಾಗೇ ಬಿಡುವುದರಲ್ಲಿ ಒಂದು ಅಪಾಯವಿತ್ತು, ಅದನ್ನು ಅವರಿಗೆ ಹೇಳಲೇಬೇಕಿತ್ತು. ಕಣ್ಣಿನೊಳಗಿನ ಕಂದು ಪದರವನ್ನು ನಮ್ಮ ದೇಹದ ಕಾವಲು ವ್ಯವಸ್ಥೆ ಹುಟ್ಟಿದಂದಿನಿಂದ ಕಂಡಿರುವುದೇ ಇಲ್ಲ. ಗುಡ್ಡೆ ಹರಿದು ಅದು ಹೊರಬಿದ್ದರೆ, ಅಪರೂಪಕ್ಕೆ ಕೆಲವರಲ್ಲಿ, ದೇಹ ಅದನ್ನು ಶತ್ರುವೆಂದು ತಿಳಿಯುತ್ತದೆ. ಆಮೇಲೆ ಅದೇ ಪದರ ಇರುವ ಇನ್ನೊಂದು ಕಣ್ಣಿನ ಮೇಲೂ, ಯಾವ ಪೆಟ್ಟೂ ಬೀಳದ ಒಳ್ಳೆಯ ಕಣ್ಣಿನ ಮೇಲೂ, ಏರಿಹೋಗುತ್ತದೆ. ಗಾಯವಾದ ಕಣ್ಣನ್ನು ಎರಡು ವಾರದೊಳಗೆ ತೆಗೆದರೆ ಆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ ಎಂದು ನಮಗೆ ಕಲಿಸಿದ್ದರು.

ಪ್ರೊಫೆಸರ್ ಅವರೇ ಬಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ನಾನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ. ಅಣ್ಣ ಗಮನವಿಟ್ಟು ಕೇಳಿ, ಎಂಜಿನಿಯರ್ ಕೇಳುವಂಥ ಪ್ರಶ್ನೆ ಕೇಳಿದರು.

"ತೆಗೀದಿದ್ರೆ ಬಂದೇ ಬರುತ್ತಾ?"

"ಇಲ್ಲ. ಬಹಳ ಜನಕ್ಕೆ ಬರಲ್ಲ."

"ತೆಗೆದ್ರೆ ಅವಳಿಗೆ ಗೊತ್ತಾಗೇ ಆಗುತ್ತೆ."

"ಆಗುತ್ತೆ."

"ಹಾಗಾದ್ರೆ ಪರೀಕ್ಷೆ ಮುಗಿಯೋವರೆಗೆ ಬೇಡ ಡಾಕ್ಟ್ರೇ."

ನಾನು ವಾದಿಸಿದೆ. ತಂಗಿಯ ಪರೀಕ್ಷೆ ನವೆಂಬರಿನಲ್ಲಿ ಮತ್ತೆ ಬರುತ್ತದೆ, ಬಲಗಣ್ಣು ಮತ್ತೆ ಬರುವುದಿಲ್ಲ ಎಂದೆ. ನಿಮ್ಮ ಜಾಗದಲ್ಲಿ ಅವಳಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಮಾತು ಮಾತ್ರ ಬದಲಿಸಲಿಲ್ಲ. ಹೊರಗೆ ವರಾಂಡದಲ್ಲಿ ಪ್ರೊಫೆಸರ್ ಅಂದರು, "ಅವನ ಕಣ್ಣು. ಅವನಿಗೆ ಬುದ್ಧಿ ನೆಟ್ಟಗಿದೆ, ವಿಷಯ ಅರ್ಥವಾಗಿದೆ. ಇನ್ನು ಮೇಲೆ ಒತ್ತಾಯ ಮಾಡುವ ಅಧಿಕಾರ ನಮಗಿಲ್ಲ."

ಆ ರೌಂಡ್ಸ್ ಮುಗಿದ ಮೇಲೆ ಬಹಳ ಹೊತ್ತು ಯೋಚಿಸಿದೆ. ತಂಗಿಯನ್ನು ಕರೆದು ಎಲ್ಲವನ್ನೂ ಹೇಳಿಬಿಡುವುದು ಸುಲಭವಿತ್ತು. ಆಕೆ ಒಂದು ಮಾತು ಹೇಳಿದ್ದರೆ ಅವರು ಒಪ್ಪುತ್ತಿದ್ದರು ಎಂದು ಈಗಲೂ ಅನ್ನಿಸುತ್ತದೆ. ಆದರೆ ನನ್ನನ್ನು ನಂಬಿ ಹೇಳಿದ ಮಾತು ಅದು. ಕೊನೆಗೆ ಅವರ ಬಳಿ ಹೋಗಿ ಹೇಳಿದೆ: "ನಾನಾಗಿ ಹೇಳಲ್ಲ. ಆದರೆ ಬಲಗಣ್ಣನ್ನ ದಿನಾ ನೋಡ್ಕೊಳ್ಳೋಕೆ ಮನೆಯಲ್ಲಿ ಒಬ್ಬರು ಬೇಕು. ಅದನ್ನ ನಿಮ್ಮ ತಂಗಿಗೆ ಕಲಿಸ್ತೀನಿ. ಅದಕ್ಕೆ ಬೇಡ ಅನ್ನಬಾರದು."

ಅವರು ಒಪ್ಪಿದರು.

ಮನೆಗೆ ಹೋಗುವ ದಿನ ತಂಗಿಯನ್ನು ಕೂರಿಸಿಕೊಂಡು, ಇಂಥ ಆಪರೇಷನ್ ಆದವರಿಗೆಲ್ಲ ಹೇಳುವ ಮಾತು ಇದು ಎಂಬ ಹಾಗೆ ವಿವರಿಸಿದೆ. ದಿನಾ ಬೆಳಿಗ್ಗೆ ಅದೇ ಕುರ್ಚಿ, ಅದೇ ಕಿಟಕಿಯ ಬೆಳಕು. ಎಡಗಣ್ಣಿಗೆ ಮುಚ್ಚಳ ಇದ್ದೇ ಇರುತ್ತದೆ. ಪೇಪರಿನ ವರ್ಗೀಕೃತ ಜಾಹೀರಾತುಗಳ ಸಣ್ಣ ಅಕ್ಷರವನ್ನು ಬಲಗಣ್ಣಿನಿಂದ ಓದಿಸಬೇಕು. ಓದಲು ಕಷ್ಟವಾದರೆ, ಬೆಳಕು ಚುಚ್ಚುತ್ತದೆ ಎಂದರೆ, ಕಣ್ಣು ಕೆಂಪಾದರೆ, ಕಣ್ಣ ಮುಂದೆ ಕಪ್ಪು ಚುಕ್ಕೆ ಓಡಾಡಿದರೆ, ಕಾಯದೆ ಕರೆದುಕೊಂಡು ಬರಬೇಕು.

"ಬಲಗಣ್ಣಾ?" ಎಂದು ಕೇಳಿದಳು. "ಪೆಟ್ಟು ಬಿದ್ದಿದ್ದು ಎಡಗಣ್ಣಿಗಲ್ವಾ?"

"ಹೌದು. ಆದ್ರೂ ಬಲಗಣ್ಣು ನೋಡ್ತಿರಬೇಕು."

ಆಕೆ ಮತ್ತೆ ಪ್ರಶ್ನಿಸಲಿಲ್ಲ. ನಾನು ಹೇಳಿದ್ದನ್ನೆಲ್ಲ ಒಂದು ಸಲ ತಿರುಗಿ ಹೇಳಿ ಒಪ್ಪಿಸಿದಳು.

ಅವರು ವಾರಕ್ಕೊಮ್ಮೆ ತಪ್ಪದೆ ಬಂದರು. ಹೊಲಿಗೆ ಚೆನ್ನಾಗಿತ್ತು, ಎಡಗಣ್ಣು ಮೆಲ್ಲಗೆ ಕುಗ್ಗುತ್ತಿತ್ತು, ಬಲಗಣ್ಣು, ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನ ಕೆಳಗೆ ತಿಳಿಯಾಗಿತ್ತು. ಎರಡು ವಾರ ಕಳೆಯಿತು. ಏಪ್ರಿಲ್ ಮುಗಿಯಿತು. ಬಿಸಿಗಾಳಿ ಶುರುವಾಯಿತು. ಪರೀಕ್ಷೆಗಳು ಆರಂಭವಾದವೆಂದು ಅವರೇ ಹೇಳಿದರು. ಮುಖದಲ್ಲಿ ಸಮಾಧಾನವಿತ್ತು. "ಚೆನ್ನಾಗಿ ಬರೀತಿದ್ದಾಳಂತೆ ಡಾಕ್ಟ್ರೇ." ನನಗೂ ಆ ಹೊತ್ತಿಗೆ ಧೈರ್ಯ ಬರತೊಡಗಿತ್ತು.

ಮೇ ಮಧ್ಯದ ಒಂದು ಬೆಳಿಗ್ಗೆ ಹೊರರೋಗಿಗಳ ಸಾಲು ತುಂಬಿ ತುಳುಕುತ್ತಿದ್ದಾಗ ತಂಗಿ ಜನರನ್ನು ದಾಟಿಕೊಂಡು ನೇರ ನನ್ನ ಮೇಜಿನ ಮುಂದೆ ಬಂದಳು. ಹಿಂದೆ ಅಣ್ಣ, ಕಪ್ಪು ಕನ್ನಡಕ ಹಾಕಿಕೊಂಡು. ಆಕೆಯ ಹೆಗಲಲ್ಲಿ ಪರೀಕ್ಷೆಗೆ ಒಯ್ಯುವ ಚೀಲವಿತ್ತು.

"ಮೊನ್ನೆಯಿಂದ ಪೇಪರ್ ದೂರ ಹಿಡ್ಕೊಂಡು ಓದ್ತಿದ್ದಾನೆ ಮೇಡಂ. ಕೇಳಿದ್ರೆ ನಿದ್ದೆ ಸಾಲ್ದು ಅಂತಾನೆ. ಇವತ್ತು ಮನೆಯೊಳಗೇ ಕಪ್ಪು ಕನ್ನಡಕ ಹಾಕ್ಕೊಂಡಿದ್ದ."

"ಗಾಳಿಗೆ ಧೂಳು ಹೋಗಿದೆ ಅಷ್ಟೆ," ಎಂದರು ಅಣ್ಣ. "ಡಾಕ್ಟ್ರೇ, ಇವಳಿಗೆ ಇವತ್ತು ಪರೀಕ್ಷೆ ಇದೆ. ಸೆಂಟರ್‌ಗೆ ಬಿಡ್ತೀನಿ ಬಾ ಅಂತ ಹೊರಟ್ರೆ ಆಟೋದವನಿಗೆ ಆಸ್ಪತ್ರೆ ಅಂದಳು. ಹೋಗು ಅಂತ ನೀವಾದ್ರೂ ಹೇಳಿ. ಆಟೋದಲ್ಲಿ ಹೋದ್ರೆ ಇನ್ನೂ ಸಿಗುತ್ತೆ."

"ನಾನು ಹೋಗಲ್ಲ."

ಅವರನ್ನು ಸ್ಲಿಟ್ ಲ್ಯಾಂಪಿಗೆ ಕೂರಿಸಿದೆ. ಬೆಳಕಿನ ಸಣ್ಣ ಗೆರೆಯನ್ನು ಬಲಗಣ್ಣಿನ ಮೇಲೆ ಹಾಯಿಸಿದೆ. ಕಾರ್ನಿಯಾದ ಒಳಮೈಗೆ ಜಿಡ್ಡಿನ ಹನಿಗಳಂತೆ ಬೆಳ್ಳಗಿನ ಚುಕ್ಕೆಗಳು ಅಂಟಿಕೊಂಡಿದ್ದವು. ಅದರ ಹಿಂದಿನ ತಿಳಿ ದ್ರವದಲ್ಲಿ ಕಿಟಕಿಯ ಬಿಸಿಲಲ್ಲಿ ಧೂಳು ತೇಲುವ ಹಾಗೆ ಕಣಗಳು ತೇಲುತ್ತಿದ್ದವು. ಪಾಪೆಯ ಅಂಚು ಒಂದು ಕಡೆ ಅಂಟಿತ್ತು. ನಾನು ಇದನ್ನು ಪುಸ್ತಕದ ಚಿತ್ರಗಳಲ್ಲಿ ಕಂಡಿದ್ದೆ. ಇನ್ನೊಮ್ಮೆ ನೋಡಿದೆ. ಆಮೇಲೆ ಪ್ರೊಫೆಸರನ್ನು ಕರೆಸಿದೆ. ಅವರು ನೋಡಿ ಎದ್ದು, ಅದೇ ಎಂಬಂತೆ ನನ್ನತ್ತ ತಲೆಯಾಡಿಸಿದರು.

ಆ ಹೊತ್ತಿಗೆ ಪರೀಕ್ಷೆ ಶುರುವಾಗಿ ಹೋಗಿತ್ತು.

ವಾರ್ಡಿನ ಪಕ್ಕದ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿ ಹೇಳಿದೆ. ಬಲಗಣ್ಣಿಗೆ ಉರಿಯೂತ ಬಂದಿದೆ, ಇವತ್ತೇ ಸ್ಟೀರಾಯ್ಡ್ ಡ್ರಿಪ್ ಶುರು ಮಾಡಬೇಕು. ಎಡಗಣ್ಣನ್ನು ಈಗ ತೆಗೆದರೆ ಎಷ್ಟು ಲಾಭ ಎಂಬುದರಲ್ಲಿ ವೈದ್ಯರಲ್ಲೇ ಎರಡು ಮಾತಿದೆ, ಆದರೂ ತೆಗೆಯುವುದೇ ಮೇಲು ಎಂದು ಪ್ರೊಫೆಸರ್ ಹೇಳುತ್ತಿದ್ದಾರೆ.

"ತೆಗೀಬೇಕಾ?" ಎಂದಳು ತಂಗಿ. "ಅದರಲ್ಲಿ ಬೆಳಕು ಕಾಣುತ್ತಲ್ಲ. ಕಾಣೋ ಕಣ್ಣನ್ನ ಯಾಕೆ ತೆಗೀತೀರಿ?"

ನಾನು ಅಣ್ಣನ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕಾಣಲ್ಲ ಕಣೇ. ಯಾವತ್ತೂ ಕಂಡಿಲ್ಲ. ನಿನ್ನ ಪರೀಕ್ಷೆ ಮುಗೀಲಿ ಅಂತ..."

ಆಕೆ ನನ್ನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು."

"ಆಗಲೇ ತೆಗೆದಿದ್ರೆ ಇದು ಬರ್ತಿರಲಿಲ್ವಾ?"

ಇದಕ್ಕೆ ಪೂರ್ತಿ ಸತ್ಯವಾದ ಉತ್ತರ ಯಾರ ಬಳಿಯೂ ಇಲ್ಲ. "ಬಹುಶಃ ಬರ್ತಿರಲಿಲ್ಲ," ಎಂದೆ.

ಆಕೆ ಎದ್ದು ವರಾಂಡಕ್ಕೆ ಹೋದಳು. ಬಾಗಿಲು ತೆರೆದೇ ಇತ್ತು. ಮೊಬೈಲಿನಲ್ಲಿ ಮೈಸೂರಿಗೆ ಮಾತಾಡುವುದು ನಮಗಿಬ್ಬರಿಗೂ ಕೇಳಿಸುತ್ತಿತ್ತು. ಬೈಕಿನ ಸಣ್ಣ ಆಕ್ಸಿಡೆಂಟ್ ಎಂದಷ್ಟೇ ತಾಯಿಗೆ ಅಲ್ಲಿಯವರೆಗೆ ಹೇಳಿದ್ದರಂತೆ. "ಆಕ್ಸಿಡೆಂಟ್ ಅಲ್ಲಮ್ಮ. ಹಗ್ಗ ನಾನು ಹಿಡ್ಕೊಂಡಿದ್ದೆ. ನನ್ನ ಕೈಯಿಂದ ಬಿಟ್ಟುಹೋಯ್ತು." ಆ ಕಡೆಯಿಂದ ಏನು ಬಂತೋ, ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡು, "ನೀನು ಬಾ," ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಅಣ್ಣ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. "ಒಂದೇ ಒಂದು ಪೇಪರ್ ಆದ ಮೇಲೆ ಬರೋಣ ಅಂದ್ಕೊಂಡಿದ್ದೆ," ಎಂದರು.

ಎದೆಯ ಎಕ್ಸ್‌ರೇ ತೆಗೆಸಿ ಕ್ಷಯ ಇಲ್ಲವೆಂದು ನೋಡಿಕೊಂಡೆವು, ಸಕ್ಕರೆ ನೋಡಿದೆವು, ಮಧ್ಯಾಹ್ನದ ಹೊತ್ತಿಗೆ ಡ್ರಿಪ್ ಶುರುವಾಯಿತು. ಗಂಟೆಗೊಮ್ಮೆ ಸ್ಟೀರಾಯ್ಡ್ ಹನಿ, ಅಂಟಿಕೊಂಡ ಪಾಪೆ ಬಿಡಲೆಂದು ಅಟ್ರೋಪಿನ್ ಹನಿ. ಅಷ್ಟಾದರೂ ನೋಟ ಇಳಿಯಿತು. ಫಲಕದ ಕೊನೆಯ ಸಾಲಿನಿಂದ ನಡುವಿಗೆ, ನಡುವಿನಿಂದ ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರಕ್ಕೆ. ಒಂದು ದಿನ ಅದೂ ಕಾಣದೆ, ನನ್ನ ಬೆರಳನ್ನು ಮುಖದ ಹತ್ತಿರ ಹಿಡಿದರೆ ಎಣಿಸುವಷ್ಟಕ್ಕೆ ಬಂದು ನಿಂತರು. ಆ ದಿನ ಅವರು ಮೊದಲ ಸಲ ನನ್ನ ಕೈ ಹಿಡಿದುಕೊಂಡರು.

ಎಡಗಣ್ಣನ್ನು ಆ ವಾರವೇ ತೆಗೆದೆವು. ಹಿಂದೆ ಹಾಕಿದ್ದ ಹೊಲಿಗೆಗಳೆಲ್ಲ ಅಚ್ಚುಕಟ್ಟಾಗಿ, ಒಂದೂ ಬಿಚ್ಚದೆ ಹಾಗೇ ಇದ್ದವು. ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ, ಹಿಂದಿನ ನರವನ್ನು ಕತ್ತರಿಸಿ, ಆ ಜಾಗದಲ್ಲಿ ಒಂದು ಗೋಲಿಯನ್ನಿಟ್ಟು ಹೊಲಿದೆವು. ತಾಯಿ ಅಷ್ಟರಲ್ಲಿ ಬಂದಿದ್ದರು. ಮಗ ಮಲಗಿದ್ದಾಗ ಅವನ ಪಕ್ಕದಲ್ಲೂ, ಎದ್ದಾಗ ಮಗಳ ಪಕ್ಕದಲ್ಲೂ ಕೂರುತ್ತಿದ್ದರು. ಇಬ್ಬರಲ್ಲಿ ಯಾರನ್ನೂ ಬೈದದ್ದು ನಾನು ಕೇಳಲಿಲ್ಲ.

ತಂಗಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಬಿಟ್ಟಳು. ಹನಿ ಎಷ್ಟು ಸಲ, ಮಾತ್ರೆ ಯಾವಾಗ ಎಂದು ಕೇಳಬೇಕಾದರೆ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಡ್ಯೂಟಿಯಲ್ಲಿ ಬೇರೆ ಡಾಕ್ಟರಿದ್ದರೆ ಅವರನ್ನು ಹುಡುಕಿ ಕೇಳುತ್ತಿದ್ದಳು. ನಾನು ಅದನ್ನು ತಪ್ಪೆನ್ನಲಾರೆ. ಉಳಿದ ಪೇಪರುಗಳನ್ನು ಆಕೆ ಬರೆಯಲಿಲ್ಲ. ಒಂದು ಸಂಜೆ ಅಣ್ಣ ಆಕೆಗೆ ಹೇಳುತ್ತಿದ್ದುದು ಪರದೆಯಾಚೆಯಿಂದ ಕೇಳಿಸಿತು. "ಬರೀಲಿ ಅಂತ ತಾನೇ ನಾನು ಇಷ್ಟೆಲ್ಲ ಮಾಡಿದ್ದು. ನೀನು ಬರೀದೇ ಇದ್ರೆ ನಾನು ಮಾಡಿದ್ದಕ್ಕೆ ಏನರ್ಥ?"

"ನಾನು ಕೇಳಿದ್ನಾ?" ಎಂದಳು ಆಕೆ. ಸ್ವಲ್ಪ ಹೊತ್ತು ಬಿಟ್ಟು, "ಗಂಜಿ ಆರೋಗ್ತಿದೆ, ಬಾಯಿ ತೆಗಿ," ಎಂದಳು.

ಜೂನ್ ಕೊನೆಗೆ ಉರಿಯೂತ ಹಿಡಿತಕ್ಕೆ ಬಂತು. ಅಷ್ಟರಲ್ಲಿ ಡ್ರಿಪ್ ನಿಲ್ಲಿಸಿ ಮಾತ್ರೆಗೆ ಬಂದಿದ್ದೆವು. ಸ್ಟೀರಾಯ್ಡ್ ಬೇಗ ಇಳಿಸಿದರೆ ರೋಗ ಮರಳುತ್ತದೆ, ಹಾಗೆಂದು ಇಳಿಸದಿದ್ದರೆ ಮೈಯೆಲ್ಲ ಕೆಡುತ್ತದೆ. ಅದರ ಜೊತೆಗೆ ದೇಹದ ಕಾವಲನ್ನೇ ತಗ್ಗಿಸುವ ಇನ್ನೊಂದು ಮಾತ್ರೆ, ಅದಕ್ಕಾಗಿ ಆಗಾಗ ರಕ್ತಪರೀಕ್ಷೆ. ಮುಖ ಊದಿ ಅವರ ಗುರುತೇ ಸಿಗದಂತಾಯಿತು. ನೋಟ ಮಾತ್ರ ಮೆಲ್ಲಗೆ ಮೇಲೇರಿತು. ಬೆರಳು, ದೊಡ್ಡ ಅಕ್ಷರ, ಅದರ ಕೆಳಗಿನ ಸಾಲು, ಇನ್ನೂ ಒಂದು ಸಾಲು. ಅಲ್ಲಿ ನಿಂತಿತು. ಒಬ್ಬರೇ ಓಡಾಡಬಹುದು, ಎದುರು ಕೂತವರ ಮುಖ ಗುರುತಿಸಬಹುದು, ದೊಡ್ಡ ಅಕ್ಷರ ಓದಬಹುದು. ನಕ್ಷೆಯ ಗೆರೆಗಳನ್ನು ಓದಲಾಗುವುದಿಲ್ಲ. ಕಚೇರಿಯವರು ಕೆಲಸದಿಂದ ತೆಗೆಯಲಿಲ್ಲ, ಗುತ್ತಿಗೆದಾರರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಹಾಕಿದರು. ತಂಗಿ ಓಖ್ಲಾದಲ್ಲೇ ಒಂದು ಗಾರ್ಮೆಂಟ್ ಘಟಕದ ಅಕೌಂಟ್ಸ್ ವಿಭಾಗಕ್ಕೆ ಸೇರಿದಳು. ಬೆಳಿಗ್ಗೆ ಅಣ್ಣನನ್ನು ಬಿಟ್ಟು, ಸಂಜೆ ಕರೆದುಕೊಂಡು ಹೋಗಲು ಅನುಕೂಲವೆಂದು.

ಹೊಲಿಗೆ ಮಾಗಿದ ಮೇಲೆ ಕೃತಕ ಕಣ್ಣಿಗೆ ಅಳತೆ ಕೊಡುವ ದಿನ ಬಂತು. ಅದನ್ನು ಮಾಡುವವರು ನಮ್ಮ ಆಸ್ಪತ್ರೆಯಲ್ಲೇ ಒಂದು ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರು, ವಯಸ್ಸಾದ ಒಬ್ಬರು. ಕಣ್ಣಿನ ಕುಳಿಯ ಅಚ್ಚು ತೆಗೆದು, ಬಿಳಿ ಚಿಪ್ಪು ಮಾಡಿ, ಅದರ ನಡುವೆ ಕೂರುವ ಪುಟ್ಟ ಬಿಲ್ಲೆಗೆ ಬಣ್ಣ ಹಚ್ಚುವುದು ಅವರ ಕೆಲಸ. ಕಾಗದಪತ್ರಕ್ಕೆ ಸಹಿ ಹಾಕಲು ನಾನು ಅಲ್ಲಿಗೆ ಹೋಗಿದ್ದೆ.

ಅವರು ಅಣ್ಣನ ಬಲಗಣ್ಣನ್ನು ದೀಪದಡಿಯಲ್ಲಿ ಬಹಳ ಹೊತ್ತು ನೋಡಿದರು. ಅಟ್ರೋಪಿನ್‌ನಿಂದ ಪಾಪೆ ಇನ್ನೂ ಅಗಲವಾಗಿಯೇ ಇತ್ತು. ಸುತ್ತಲಿನ ಕಂದು ಬಣ್ಣ ಒಂದು ಸಣ್ಣ ಅಂಚಷ್ಟೇ ಉಳಿದು, ಅದೂ ಮಂಕಾಗಿತ್ತು.

"ಇಸ್ ಸೇ ರಂಗ್ ನಹೀಂ ಮಿಲೇಗಾ," ಎಂದರು. ಆ ಕಣ್ಣಿನಿಂದ ಬಣ್ಣ ಸಿಗದೆಂದು ಹಳೆಯ ಫೋಟೋ ಕೇಳಿದರು. ಪರ್ಸಿನಲ್ಲಿದ್ದ ಪಾಸ್‌ಪೋರ್ಟ್ ಅಳತೆಯ ಫೋಟೋದಲ್ಲಿ ಕಣ್ಣು ಎರಡು ಕಪ್ಪು ಚುಕ್ಕೆಯಾಗಿತ್ತು. ಅದನ್ನು ಹಿಂದಿರುಗಿಸುತ್ತ ತಂಗಿಯ ಮುಖ ನೋಡಿದರು. "ಸಗೀ ಬೆಹನ್ ಹೋ?"

ಒಡಹುಟ್ಟಿದವಳೇ ಹೌದೆಂದು ಆಕೆ ತಲೆಯಾಡಿಸಿದಳು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ದೀಪ ತಿರುಗಿಸಿ, ಆಕೆಯ ಎಡಗಣ್ಣನ್ನು ನೋಡಿದರು. ಅಣ್ಣನದೇ ಕಣ್ಣು. ಜೇನಿನಂಥ ಕಂದು, ಹೊರಗೆ ಕಪ್ಪು ಅಂಚು. ನಾನು ಮೊದಲ ದಿನ ಆ ಫಲಕದ ಮುಂದೆ ಅವರ ಬಲಗಣ್ಣಿನಲ್ಲಿ ಕಂಡಿದ್ದ ಬಣ್ಣ.

ಅವರು ಕುಂಚ ತೆಗೆದುಕೊಂಡು ಕೆಲಸ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿದರು. ಕಣ್ಣಲ್ಲಿ ನೀರು ಬಂದರೆ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ ಬೇಟೀ, ಎಂದರು. ಆಕೆ ದುಪಟ್ಟಾದ ತುದಿಯಿಂದ ಒರೆಸಿಕೊಂಡಳು. ಅವರು ಒಂದ್ನಾಲ್ಕು ಗೆರೆ ಎಳೆದರು. ಮತ್ತೆ ಕಾದರು. ಮತ್ತೆ ಒರೆಸಿಕೊಂಡಳು.

"ಮುಗೀತಾ?" ಎಂದು ಬೆಂಚಿನಿಂದ ಅಣ್ಣ ಕೇಳಿದರು. ಅಷ್ಟು ದೂರದಿಂದ ಅವರಿಗೆ ಆಕೆಯ ಮುಖ ಕಾಣುತ್ತಿರಲಿಲ್ಲ.

"ಇನ್ನೂ ಇಲ್ಲ ಅಣ್ಣ. ಬಣ್ಣ ಸರಿಯಾಗಿ ಬರಬೇಕಂತೆ," ಎಂದಳು, ದನಿ ಒಂದಿಷ್ಟೂ ನಡುಗದ ಹಾಗೆ.

ಮುದುಕರು ಬಿಲ್ಲೆಯನ್ನು ಆಕೆಯ ಕೆನ್ನೆಯ ಪಕ್ಕಕ್ಕೆ ಹಿಡಿದು ಎರಡನ್ನೂ ನೋಡಿ, ಇನ್ನೂ ಸ್ವಲ್ಪ ಹಳದಿ ಬೇಕು ಎಂದರು. ಆಕೆ ಕಣ್ಣೊರೆಸಿಕೊಂಡು, ಮತ್ತೆ ದೀಪದ ಕಡೆಗೆ ಮುಖವೆತ್ತಿದಳು.